ಒಂಬತ್ತನೇ ಗುಳಿ

ಎಲ್ಲ ಅನಾಹುತಕ್ಕೂ ಕಾರಣ ಒಂದು ಸೊನ್ನೆ. ಕಡಲೆಕಾಳಿನಷ್ಟು ಗಾತ್ರದ, ಕೆಂಪಗೆ ಮಿನುಗುವ ಸೊನ್ನೆ. ಅದಿಲ್ಲದಿದ್ದರೆ ಗೌರಿಬಿದನೂರಿನ ಚಲಪತಿ ಇಷ್ಟು ಹೊತ್ತಿಗೆ ಜಪಾನಿನವರನ್ನು ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದ, ಅನುಮಾನವೇ ಬೇಡ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ವರ್ಷ. ಸಾಹುಕಾರ ವೆಂಕಟರವಣಪ್ಪನವರ ಶೆಡ್ಡಿನಲ್ಲಿ ಚಲಪತಿ ಇಡ್ಲಿ ಹುಯ್ಯುವ ಯಂತ್ರ ಕಟ್ಟಿದ್ದ. ಹಿಟ್ಟಿನ ಕೊಳವೆ ತಾನೇ ಓಡಾಡಿ ತಟ್ಟೆಯ ಎಂಟು ಗುಳಿಗೂ ಒಂದೊಂದು ಸೌಟು ಹುಯ್ಯಬೇಕು. ಅದನ್ನು ಓಡಾಡಿಸುವ ಮೋಷನ್ ಕಂಟ್ರೋಲರಿನಲ್ಲಿ ಎಂಟು ಗುಳಿಗಳ ಜಾಗವನ್ನು, ಹೊರಡುವ ತುದಿಯಿಂದ ಎಷ್ಟು ದೂರ ಎಂದು, ವಠಾರದ ಮನೆಗಳ ಹಾಗೆ ಸಾಲಾಗಿ ಬರೆದಿಟ್ಟಿದ್ದ. ಆ ಸಾಲಿಗೆ ಅರೇ ಎಂದು ಹೆಸರು. ಈಗ ಯಾವ ಮನೆಗೆ ಹೋಗಬೇಕು ಎನ್ನುವ ಅಂಕಿ ಒಂದು ವೇರಿಯಬಲ್‌ನಲ್ಲಿ ಕೂತಿರುತ್ತಿತ್ತು. ಮೊದಲ ಮನೆಯ ನಂಬರು ಸೊನ್ನೆ, ಕೊನೆಯದು ಏಳು. ಅದೇ ಅಂಕಿ ಪರದೆಯ ಮೇಲೂ ಮಿನುಗುತ್ತಿತ್ತು.

ಅವತ್ತು ಚಿಂತಾಮಣಿಯಿಂದ ಹೋಟೆಲಿನ ಅಶ್ವತ್ಥಮ್ಮ ಯಂತ್ರ ನೋಡಲು ಬರುವವರಿದ್ದರು. ಆಕೆ ಕೊಂಡರೆ ಚಲಪತಿಯ ಕೆಲಸ ಪರ್ಮನೆಂಟು. ಇಲ್ಲದಿದ್ದರೆ ಪೆರೇಸಂದ್ರದಲ್ಲಿ ಮಾವನ ಪಂಕ್ಚರ್ ಅಂಗಡಿ.

ಬೆಳಿಗ್ಗೆ ಪರದೆ ನೋಡಿದ ವೆಂಕಟರವಣಪ್ಪ ಹಾವು ತುಳಿದವರಂತೆ ಹಾರಿದರು.

"ಏನಪ್ಪಾ ಇದು, ಸೊನ್ನೆಯಿಂದ ಶುರು? ನಮ್ಮಪ್ಪ ರಾಗಿ ಅಳೀವಾಗ ಮೊದಲ್ನೇ ಸೇರಿಗೆ ಒಂದು ಅಂತಾನೂ ಅಂತಿರ್ಲಿಲ್ಲ, ‘ಲಾಭ’ ಅಂತಿದ್ರು. ನೀನು ಬೋಣಿಗೇ ಸೊನ್ನೆ ಇಡ್ತೀಯಾ?"

"ಸಾರ್, ಕಂಟ್ರೋಲರ್ ಎಣಿಸೋದೇ ಹಂಗೆ..."

"ಅದಕ್ಕೆ ಹೇಳೋಕೆ ಮನೇಲಿ ದೊಡ್ಡೋರಿಲ್ಲ, ನಮಗಿದಾರೆ," ಎಂದು ಶೆಡ್ಡಿನಲ್ಲಿ ಲೇತ್ ಓಡಿಸುವ ನರಸಿಂಹಪ್ಪ ಮೂಗು ತೂರಿಸಿದ. "ಒಂದು ಅಂತ ಮಾಡೋ ಮಾರಾಯ, ನಿನ್ನ ಗಂಟೇನು ಹೋಗ್ತದೆ?"

ತಲೆಕೆಟ್ಟ ಚಲಪತಿ ವೇರಿಯಬಲ್ಲನ್ನೇ ಒಂದರಿಂದ ಎಂಟರವರೆಗೆ ಎಣಿಸುವಂತೆ ತಿರುಗಿಸಿಬಿಟ್ಟ. ಮನೆಗಳ ನಂಬರು ಮಾತ್ರ ಸೊನ್ನೆಯಿಂದ ಏಳೇ ಉಳಿಯಿತು.

ಅಶ್ವತ್ಥಮ್ಮ ಬಂದರು. ವೆಂಕಟರವಣಪ್ಪ ಗರಿಗರಿ ಪಂಚೆಯುಟ್ಟು, ಗಾಳಿ ಬರಲೆಂದು ಯಂತ್ರದ ತುದಿಗೆ, ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಚಲಪತಿ ಗುಂಡಿ ಒತ್ತಿದ. ಕೊಳವೆ ಮೊದಲ ಗುಳಿಯನ್ನು ಮಾತು ಬಿಟ್ಟ ದಾಯಾದಿಯಂತೆ ದಾಟಿ, ಎರಡನೆಯದರಿಂದ ಹುಯ್ಯತೊಡಗಿತು. ಪರದೆಯಲ್ಲಿ ಎಂಟು ಬಂತು. ಸೊನ್ನೆಯಿಂದ ಎಣಿಸಿದರೆ ಅದು ಒಂಬತ್ತನೇ ಮನೆ, ಅರೇಯಲ್ಲೇ ಇಲ್ಲ. ಅರೇಯ ಗೋಡೆಯಾಚೆ ಇದ್ದದ್ದು, ಕಿಟಕಿಯ ಬಳಿ ಕೊಳವೆ ತೊಳೆಯುವ ಜಾಗದ ವೇರಿಯಬಲ್. ಕೊಳವೆ ನೆಂಟರ ಮನೆಗೆ ಹೊರಟಂತೆ ತಟ್ಟೆ ದಾಟಿ, ಕಿಟಕಿಯ ಬಳಿ ನಿಂತು, ಸಾಹುಕಾರರ ತೊಡೆಯ ಮೇಲೆ ನಂದಿಬೆಟ್ಟದಷ್ಟು ಹಿಟ್ಟು ಸುರಿಯಿತು.

ಚಲಪತಿ ತಲೆಯನ್ನು, ಕೊಳವೆ ಹೊರಡುವ ತುದಿಯಲ್ಲಿದ್ದ ಕಂಟ್ರೋಲರಿನ ಪೆಟ್ಟಿಗೆಯೊಳಗೆ ತೂರಿಸಿಬಿಟ್ಟ. ಅಲ್ಲಿನ ಫ್ಯಾನಿನ ಸದ್ದಿಗೆ ಹೊರಗಿನ ಮಾತು ಕೇಳಿಸಲಿಲ್ಲ. ಹೊರಗೆ, ಕಿಟಕಿಯಿಂದ ಒಂದು ಕಾಗೆ ಬಂದು ಸಾಹುಕಾರರ ತೊಡೆಗೇ ಬಾಯಿ ಹಾಕಿತ್ತು. ಅಶ್ವತ್ಥಮ್ಮ ಕೈಮುಗಿದರು.

"ಅಯ್ಯೋ ದೇವ್ರೇ! ಮೊದಲ್ನೇದು ಕಾಗೆಗೆ ಎತ್ತಿಡದೆ ನಮ್ಮನೇಲಿ ಯಾರೂ ಬಾಯಿಗಿಡಲ್ಲ. ಒಂದು ಗುಳಿ ಬಿಟ್ಟು ಅದರ ಹಿಟ್ಟು ಕಾಗೆಗಿಕ್ತಲ್ಲಪ್ಪಾ ನಿಮ್ಮ ಮಿಷನ್ನು!"

"ನಾನೇ ಹೇಳಿ ಮಾಡ್ಸಿದ್ದಮ್ಮ," ಎಂದರು ವೆಂಕಟರವಣಪ್ಪ, ಹಿಟ್ಟಿನೊಳಗಿಂದಲೇ.

"ನಾಲ್ಕು ಮಿಷನ್ನು ಕೊಡಿ. ಕಾಫಿ ಕುಡಿದು ಬಂದು ಇನ್ನೊಂದ್ಸಲ ಕಣ್ತುಂಬ ನೋಡಣ."

ಆ ಕಾಫಿ ಆರುವುದರೊಳಗೆ ಚಲಪತಿ ಎಲ್ಲ ಸರಿಮಾಡಿದ. ಗುಳಿಗಳಿಗೆ ಸೊನ್ನೆಯಿಂದ ಲೆಕ್ಕ, ಪರದೆಗೆ ಒಂದರಿಂದ. ಪರದೆಯ ಅಂಕಿಗೆಂದೇ ಒಂದು ಹೊಸ ವೇರಿಯಬಲ್ಲನ್ನು ಅರೇಯ ಪಕ್ಕದಲ್ಲಿ ತೂರಿಸಿದ. ಎಂಟೂ ಗುಳಿ ಹುಣ್ಣಿಮೆ ಚಂದ್ರನ ಹಾಗೆ ತುಂಬಿದವು. ಕಿಟಕಿಯಲ್ಲಿ ಕಾದಿದ್ದ ಕಾಗೆ ಕಾವ್ ಎಂದಿತು.

"ಕಾಗೆ ಪಾಲೆಲ್ಲಪ್ಪಾ?" ಎಂದರು ಅಶ್ವತ್ಥಮ್ಮ.

"ಅದು ತಪ್ಪಾಗಿತ್ತಮ್ಮ, ತೆಗೆದುಬಿಟ್ಟೆ!" ಚಲಪತಿಯ ಎದೆ ಒಂದು ಗೇಣು ಉಬ್ಬಿತು.

"ಕಾಗೆಗಿಕ್ಕೋದು ತಪ್ಪಾ?" ಆಕೆ ಚೀಲ ಎತ್ತಿಕೊಂಡೇ ಬಿಟ್ಟರು.

"ಲೇ ಚಲಪತಿ, ಮೊದಲಿದ್ದಂಗೇ ಮಾಡೋ, ನಿನಗೆ ಪುಣ್ಯ ಬರ್ತದೆ!" ವೆಂಕಟರವಣಪ್ಪ ಕಿರುಚಿದರು.

ಮತ್ತೆ ಒಂದರಿಂದ ಎಂಟು. ಆದರೆ ಗೋಡೆಯಾಚೆಯ ಮನೆಗೆ ಈಗ ಹೊಸ ವೇರಿಯಬಲ್ ಬಾಡಿಗೆಗೆ ಬಂದಿತ್ತಲ್ಲ! ಅದರಲ್ಲಿದ್ದ ಪುಟ್ಟ ಅಂಕಿಯನ್ನೇ ದೂರವೆಂದು ನಂಬಿದ ಕೊಳವೆ ಸರ್ರನೆ ಹೊರಟ ಜಾಗಕ್ಕೇ ವಾಪಸು ಬಂತು. ಅಲ್ಲಿ ಕಂಟ್ರೋಲರಿನ ಮುಂದೆ ಬಗ್ಗಿಕೊಂಡಿದ್ದದ್ದು ಚಲಪತಿಯ ತಲೆ. ಹಿಟ್ಟು ಬಿತ್ತು. ಹಿಂದೆಯೇ ಕಾಗೆಯೂ ಬಂತು.

ಅಶ್ವತ್ಥಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಿಷನ್ನು ಎಂಟೂ ತುಂಬೋ ಹಂಗೇ ಇರ್ಲಿ, ನಾಲ್ಕೂ ತಗೋತೀನಿ. ಕಾಗೆಗಿಕ್ಕೋಕೆ ಇವನನ್ನೇ ಜೊತೇಲಿ ಕಳಿಸ್ರಪ್ಪಾ. ಕಾಗೆಗೂ ಇಷ್ಟ ಆಗವ್ನೆ."

ಚಲಪತಿಯ ಕೆಲಸ ಪರ್ಮನೆಂಟಾಯಿತು. ಚಿಂತಾಮಣಿಯ ಆ ಹೋಟೆಲಿನಲ್ಲಿ ನಾಲ್ಕು ಯಂತ್ರಗಳು ಮನುಷ್ಯರ ಹಂಗಿಲ್ಲದೆ ಇಡ್ಲಿ ಹುಯ್ಯುತ್ತವೆ. ಅವನ್ನು ಕಟ್ಟಿದ ಮಹಾನುಭಾವ ಮಾತ್ರ ದಿನಾ ಬೆಳಿಗ್ಗೆ ಕಿಟಕಿಯ ಬಳಿ ಸೌಟು ಹಿಡಿದು ನಿಲ್ಲುತ್ತಾನೆ. ಕಾಗೆಗೆ ಹುಯ್ಯುವಾಗ, ಅಶ್ವತ್ಥಮ್ಮನ ಕಿವಿಗೆ ಬೀಳದಂತೆ, "ಸೊನ್ನೆ" ಎಂದು ಎಣಿಸಿ ನಗುತ್ತಾನೆ.