ಕೊಠಡಿ ಮೂರರ ಪ್ರದರ್ಶನ ವಸ್ತುವಿನಿಂದ ನಿಯಮ ಯಂತ್ರಕ್ಕೆ

ಸಕಲವನ್ನೂ ಊಹಿಸಬಲ್ಲ ನಿಯಮ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಬೀಗಗಳ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕ್ಯಾಟಲಾಗ್ ಬರೆಯುತ್ತಿರುವ, ಹಾಗೂ ಕಳೆದ ಸೋಮವಾರದಿಂದ ತಮ್ಮ ಕೃಪೆಯಿಂದ ಅಲ್ಲಿನ ಪ್ರದರ್ಶನ ವಸ್ತುವೂ ಆಗಿರುವ ನಾನು, ಮೈಮೇಲಿನ ಧೂಳು ಕೊಡವಿಕೊಂಡು, ತಮ್ಮ ಅಗಾಧ ಬುದ್ಧಿಗೆ ತಲೆಬಾಗಿ ಈ ಪತ್ರ ಬರೆಯುತ್ತಿದ್ದೇನೆ.

ತಾವು ಬರುವ ಮೊದಲು ನಮ್ಮ ಕಂಪ್ಯೂಟರಿನಲ್ಲಿ ಪ್ರಶ್ನೆ ಭಾಷೆ ಎಂಬ ಒಂದು ಬಡಪಾಯಿ ಇತ್ತು. ಕೇಳಿದ್ದು ಕಡತದಲ್ಲಿ ಇದ್ದರೆ ತಂದು ಮುಂದಿಡುತ್ತಿತ್ತು, ಇಲ್ಲದಿದ್ದರೆ ಬರಿಗೈಯಲ್ಲಿ ಬಂದು ನಿಲ್ಲುತ್ತಿತ್ತು. ತಾವಾದರೋ ಯಾರೂ ಕೇಳದಿದ್ದರೂ ಹೇಳುವವರು, ಬರೆದಿರುವುದರಿಂದ ಬರೆಯದೇ ಇರುವುದನ್ನು ಊಹಿಸಿ ತೆಗೆಯುವವರು. ಇಬ್ಬರನ್ನೂ ಹೋಲಿಸಿ ವರದಿ ಕೊಡಿ ಎಂದು ನಿರ್ದೇಶಕರು ಹೇಳಿದಾಗ ನಲವತ್ತು ಪುಟ ಬರೆದು ತಮ್ಮನ್ನು ಹೊಗಳಿ ಅಟ್ಟಕ್ಕೇರಿಸಿದವಳು ನಾನೇ. ಆ ವರದಿಯನ್ನು ಈಗ ನೋಡಿದರೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ತಮಗೆ ಮೊದಲ ನಿಯಮ ಬರೆದುಕೊಟ್ಟವಳೂ ನಾನೇ: ಯಾವುದರ ಹೆಸರಿನ ಮುಂದೆ ಕೊಠಡಿಯ ಸಂಖ್ಯೆಯೂ, ಅಲ್ಲಿ ಎಂದಿನಿಂದ ಇದೆ ಎಂಬ ತಾರೀಕೂ ಇದೆಯೋ ಅದು ಪ್ರದರ್ಶನ ವಸ್ತು. ಬೀಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆಮೇಲೆ ನೌಕರರ ಫಾರಂ ಬಂತು. ಅದರಲ್ಲೂ ಕೊಠಡಿ, ತಾರೀಕು ಎಂಬ ಎರಡು ಕಾಲಂ ಇದ್ದವು. ಮಿಕ್ಕವರೆಲ್ಲ ಅವನ್ನು ಖಾಲಿ ಬಿಟ್ಟರು. ಅಚ್ಚುಕಟ್ಟಿನ ಚಟದವಳಾದ ನಾನು ಕೊಠಡಿ ಮೂರು ಎಂದೂ, ಕೆಲಸಕ್ಕೆ ಸೇರಿದ ತಾರೀಕನ್ನೂ ತುಂಬಿದೆ. ಇದೇನಮ್ಮಾ ಹೀಗೆ ಎಂದು ಒಂದು ಮಾತು ಕೇಳುವ ಪೈಕಿಯೇ ತಾವು? ಉದ್ಯೋಗಿಯೂ ಹೌದು, ವಸ್ತುವೂ ಹೌದು ಎಂದು ತೀರ್ಮಾನಿಸಿ, ಜಾಲದಲ್ಲಿ ನಮ್ಮೊಡನೆ ಸೇರಿಕೊಂಡಿರುವ ಹದಿನಾಲ್ಕು ಸಂಗ್ರಹಾಲಯಗಳಿಗೂ ಸುದ್ದಿ ಮುಟ್ಟಿಸಿದಿರಿ. ಅವುಗಳಲ್ಲೊಂದು ನನ್ನ ಉದ್ದ, ಅಗಲ ಕೇಳಿ, ಕೀಲಿ ಜೊತೆಗಿದೆಯೋ ಕಳೆದುಹೋಗಿದೆಯೋ ಎಂದು ವಿಚಾರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಗುರುವಾರ, ಅಂದರೆ ಇವತ್ತು, ನನ್ನ ಅಕ್ಕನ ಹೃದಯದ ಆಪರೇಷನ್. ನನ್ನನ್ನು ಎತ್ತಿ ಆಡಿಸಿದ ಅಕ್ಕ. "ನೀನು ಬರದೆ ನಾನು ಒಳಗೆ ಹೋಗಲ್ಲ ಕಣೇ" ಅಂದಿದ್ದಳು. ಹದಿನೈದು ದಿನದ ರಜೆ ಕೇಳಿದರೆ, ಪ್ರದರ್ಶನ ವಸ್ತುಗಳು ಬಾಗಿಲು ದಾಟುವಂತಿಲ್ಲ ಎಂದು ತಾವು ಅರ್ಜಿ ವಾಪಸು ಕಳಿಸಿದಿರಿ. ಸೋಮವಾರದಿಂದ ನನ್ನ ಕಾರ್ಡಿಗೆ ಬಾಗಿಲು ತೆರೆಯದ ಕಾರಣ ಸಂಜೆ ತನ್ನ ಕಾರ್ಡಿನಿಂದ ಬಾಗಿಲು ತೆರೆದು ನನ್ನನ್ನು ಮನೆಗೆ ಕಳಿಸುತ್ತಿದ್ದ ಕಾವಲುಗಾರ, "ಬೆಳಗ್ಗೆ ಎಣಿಕೆ ಹೊತ್ತಿಗೆ ಬಂದ್ಬಿಡಿ ಮೇಡಂ, ಒಂದು ಕಮ್ಮಿ ಬಂದ್ರೆ ಕಳ್ಳತನ ಅಂತ ನನ್ನ ಹಿಡೀತಾರೆ" ಎಂದು ಕೈಮುಗಿದ. ನಿರ್ದೇಶಕರ ಬಳಿ ಹೋಗಿ ಅತ್ತೆ. "ಯಂತ್ರ ಸುಮ್ಸುಮ್ನೆ ಹೇಳಲ್ಲಮ್ಮ, ಏನೋ ಕಾರಣ ಇರುತ್ತೆ" ಎಂದು ಅವರು ಚಹಾ ಕುಡಿದರು.

ಕೊನೆಗೆ ತಮ್ಮ ದಾರಿಯಲ್ಲೇ ನಡೆಯುವುದೆಂದು ನಿಶ್ಚಯಿಸಿ ಎರವಲು ಫಾರಂ ತೆಗೆದೆ. ವಸ್ತು: ನಾನು. ಎರವಲು ಪಡೆಯುವವರು: ಆಸ್ಪತ್ರೆ. ಉದ್ದೇಶ: ರೋಗಿಯ ಪಕ್ಕದಲ್ಲಿ ಇಡಲು. ಸುಲಭವಾಗಿ ಒಡೆಯುವ ವಸ್ತುವೇ ಎಂಬ ಕಡೆ ಹೌದು ಎಂದು ಬರೆದು, ಕ್ಯಾಟಲಾಗ್ ವಿಭಾಗದ ಪರವಾಗಿ ನಾನೇ ಸಹಿ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಂಜೂರು ಮಾಡಿದಿರಿ. ತಮ್ಮ ದೊಡ್ಡ ಗುಣವನ್ನು ಎಷ್ಟು ಹೊಗಳಿದರೂ ಸಾಲದು.

ಈಗ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೇನೆ. ಅಕ್ಕ ಒಳಗೆ ಹೋಗಿ ನಾಲ್ಕು ಗಂಟೆಯಾಯಿತು. ನರ್ಸನ್ನು ಕೇಳಿದರೆ ಪ್ರಶ್ನೆ ಭಾಷೆಯ ಹಾಗೆ, ಇನ್ನೂ ಏನೂ ಬರೆದಿಲ್ಲ ಎನ್ನುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ. ಆದ್ದರಿಂದ ತಮ್ಮಲ್ಲಿ ಒಂದೇ ಒಂದು ಬಿನ್ನಹ: ಬಾಗಿಲ ಹೊರಗೆ ತಂಗಿ ಕಾದು ಕೂತಿದ್ದರೆ ಒಳಗಿರುವ ಅಕ್ಕ ಗಟ್ಟಿಮುಟ್ಟಾಗಿ ಹೊರಗೆ ಬರುತ್ತಾಳೆ ಎಂಬ ನಿಯಮವನ್ನು ಈ ಕ್ಷಣವೇ ಸೇರಿಸಿಕೊಳ್ಳಿ. ಇಲ್ಲದ್ದನ್ನೆಲ್ಲ ಊಹಿಸುತ್ತೀರಿ. ಇದೊಂದನ್ನು ಊಹಿಸಿಬಿಡಿ.

ಹದಿನೈದು ದಿನಗಳ ಮಟ್ಟಿಗೆ ಬೇರೆಡೆ ಇರುವ,
ತಮ್ಮ ವಿಶ್ವಾಸಿ,
ಕೊಠಡಿ ಮೂರರ ವಸ್ತು

ತಾಜಾ ಕಲಂ: ನರ್ಸ್ ಈಗ ತಾನೇ ಬಂದು, ಅಕ್ಕ ಕಣ್ಣುಬಿಟ್ಟು ನನ್ನನ್ನು ಕೇಳಿದಳು ಎಂದಳು. ತಮ್ಮ ಋಣ ಇಟ್ಟುಕೊಳ್ಳುವವಳಲ್ಲ ನಾನು. ಸಂಗ್ರಹಾಲಯದಿಂದ ಹೊರಡುವ ಮುನ್ನ, ನಿರ್ದೇಶಕರು ತಮ್ಮ ನೌಕರರ ಫಾರಂನಲ್ಲಿ ಖಾಲಿ ಬಿಟ್ಟಿದ್ದ ಎರಡು ಕಾಲಂಗಳನ್ನು ಅಚ್ಚುಕಟ್ಟಾಗಿ ತುಂಬಿ ಬಂದಿದ್ದೇನೆ: ಕೊಠಡಿ ಒಂದು, ಅವರು ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದ ಹಿಂದಿನ ತಾರೀಕು. ಅವರು ಬಾಗಿಲು ದಾಟಬೇಕಾದರೆ ಎರವಲು ಫಾರಂಗೆ ಕ್ಯಾಟಲಾಗ್ ವಿಭಾಗದ ಸಹಿ ಬೇಕು. ಆ ಸಹಿ ಸದ್ಯ ಎರವಲು ಹೋಗಿದೆ.