ಒಂದೇ ಕೋಟಿನ ನೂರಾ ನಲವತ್ತಮೂರು ಮಹಾಶಯರನ್ನು ಬೇರೆ ಬೇರೆ ಇಡುವ ಕುರಿತು

ಹಳೇ ಫೋಟೋ ಜೋಪಾನ ಕೊಠಡಿ
ರೋಣ, ನರಗುಂದ, ಗಜೇಂದ್ರಗಡ (ಮೂರಕ್ಕೂ ಸೇರಿ ಒಂದೇ ಕೊಠಡಿ, ಒಂದೇ ಕೀಲಿ)

ಸಂಖ್ಯೆ: ಹಫೋಜೋ/ಕೋಟು/143/2025

ವಿಷಯ: ಕೋಟು ನೋಡಿ ಮನುಷ್ಯನನ್ನು ಗುರುತಿಸುವ ಪದ್ಧತಿ ನಿಲ್ಲಿಸುವ ಬಗ್ಗೆ.

ಉಲ್ಲೇಖ: 1) ಕೊಣ್ಣೂರಿನ ಕಾಶೀಂಬಿಯವರ ಅಂಚೆ ಅರ್ಜಿ, 2014.
2) ಅದಕ್ಕೆ ಬರೆದು, ಕಳಿಸದೆ ಇಟ್ಟ ಉತ್ತರ, ಅದೇ ವರ್ಷ.

ಕಳೆದ ಬುಧವಾರ ಏಳನೇ ಪೆಟ್ಟಿಗೆಯ ಫೋಟೋಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಅರ್ಧಕ್ಕೆ ಬಂದಾಗ ಈ ಕೆಳಗಿನ ಸಂಗತಿಯು ಕಚೇರಿಯ ಗಮನಕ್ಕೆ ಬಂದು, ಒರೆಸುವುದು ಅಲ್ಲಿಗೇ ನಿಂತಿದೆ.

ಮುಚ್ಚಿಹೋದ ಒಂದು ಸ್ಟುಡಿಯೋದಿಂದ ಬಂದ ಸದರಿ ಪೆಟ್ಟಿಗೆಯಲ್ಲಿ 143 ಗಂಡಸರ ಫೋಟೋಗಳಿವೆ. ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಬಂದವರೆಲ್ಲ ಅದನ್ನೇ ತೊಟ್ಟು ನಿಂತು, ಬಿಚ್ಚಿ ಮುಂದಿನವರಿಗೆ ಕೊಟ್ಟು ಹೋಗುತ್ತಿದ್ದರು. ಇದನ್ನರಿಯದ ಈ ಕಚೇರಿಯು ಎಲ್ಲರನ್ನೂ ಸೇರಿಸಿ ‘ಕೋಟಿನ ಮಹಾಶಯ, ಒಬ್ಬ’ ಎಂದು ದಾಖಲಿಸಿದೆ. ದಾಖಲೆಯ ಪ್ರಕಾರ ಸದರಿಯವರು 61 ಸಲ ಲಗ್ನವಾಗಿದ್ದು, ಒಂದೇ ದಿನ ಮುಂಜಾನೆ ಗಿಡ್ಡರೂ ಮಧ್ಯಾಹ್ನ ಎತ್ತರದವರೂ ಆಗಿದ್ದಾರೆ. ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಫೋಟೋದಲ್ಲಿರುವ ಒಬ್ಬ ಮನುಷ್ಯನ ಒಂದೇ ಪ್ರತಿ ಹೊರಗೆ ಕೊಡಬೇಕೆಂಬುದು ನಿಯಮ. ಲಕ್ಕಲಕಟ್ಟಿಯ ಉಡಚಪ್ಪನವರು, ತಮ್ಮ ಮುತ್ತಜ್ಜ ಕೋಟು ತೊಡುತ್ತಿದ್ದರೆಂಬ ಆಧಾರದ ಮೇಲೆ, ಪೆಟ್ಟಿಗೆಯಲ್ಲಿ ಕೋಟು ಚೆನ್ನಾಗಿ ಒಪ್ಪಿದ್ದ ಒಬ್ಬರನ್ನು ಆರಿಸಿ, ಆ ಫೋಟೋದ ಪ್ರತಿ ತೆಗೆಸಿ ಒಯ್ದಿದ್ದರು. ಮರುವರ್ಷ ಕಾಶೀಂಬಿಯವರು, ಹೊಳೆ ನೀರು ಮನೆಗೆ ನುಗ್ಗಿ ತಮ್ಮ ತಂದೆ ಬಾಷಾಸಾಬರು ಕೋಟು ತೊಟ್ಟ ಇದ್ದೊಂದು ಫೋಟೋ ಹಾಳಾಯಿತೆಂದು, ಪ್ರತಿ ಕೇಳಿ ಅರ್ಜಿ ಹಾಕಿದರು. ‘ತಮ್ಮ ತಂದೆಯವರನ್ನು ಈಗಾಗಲೇ ಬೇರೆಯವರಿಗೆ ಕೊಡಲಾಗಿದೆ’ ಎಂದು ಉತ್ತರ ಸಿದ್ಧವಾಯಿತು. ಓದಿದವರೆಲ್ಲ ಯಾಕೋ ಸರಿ ಕಾಣಲಿಲ್ಲ ಅಂದಿದ್ದರಿಂದ ಹನ್ನೊಂದು ವರ್ಷ ಟಪಾಲಿಗೆ ಹಾಕಿರಲಿಲ್ಲ.

ಆದ್ದರಿಂದ ಸಿಬ್ಬಂದಿಯು ಈ ಕೆಳಗಿನಂತೆ ನಡೆದುಕೊಳ್ಳತಕ್ಕದ್ದು:

1. ಫೋಟೋದಲ್ಲಿ ಮೊದಲು ಮುಖ ನೋಡತಕ್ಕದ್ದು. ರಜಿಸ್ಟರಿನಲ್ಲಿ ಮುಖಕ್ಕೆ ಕಲಂ ಇಲ್ಲದ್ದರಿಂದ ಮುಖವನ್ನು ‘ಷರಾ’ದಲ್ಲಿ ಬರೆಯತಕ್ಕದ್ದು. ‘ಮುಖ ಇದೆ’ ಎಂದಷ್ಟೇ ಬರೆದರೆ ಒಪ್ಪಲಾಗುವುದಿಲ್ಲ.

2. ಎರಡು ಫೋಟೋಗಳ ನಡುವೆ ಬಿಳಿ ಕಾಗದ ಇಡತಕ್ಕದ್ದು. ಮಿರ್ಚಿ ಭಜಿ ಕಟ್ಟಿಬಂದ ಕಾಗದವನ್ನು ಕಾಗದವೆಂದು ಪರಿಗಣಿಸುವುದಿಲ್ಲ. ಚುರಮುರಿ ಡಬ್ಬಿಯಲ್ಲಿಟ್ಟಿದ್ದ ಒಂಬತ್ತು ಫೋಟೋಗಳಿಗೆ ಇರುವೆಗಳು ನೀಡಿದ ಭೇಟಿಯನ್ನು ಸಂದರ್ಶಕರ ಪುಸ್ತಕದಲ್ಲಿ ನಮೂದಿಸತಕ್ಕದ್ದು. ಸಹಿ ಬೇಕಿಲ್ಲ.

3. ಫೋಟೋಗಳಲ್ಲಿ ಹಿಂದೆ ಕಾಣುವ ಸ್ಟುಡಿಯೋ ಪರದೆಯ ಮೇಲೆ ಬರೆದ ಅರಮನೆ, ಕೊಳ ಮತ್ತು ಎರಡು ಹಂಸಗಳ ಪತ್ತೆಗೆ ಹೋದ ತಂಡವನ್ನು ವಾಪಸು ಕರೆಸಲಾಗಿದೆ. ತಂಡವು ರೋಣದಿಂದ ಗಜೇಂದ್ರಗಡದವರೆಗೆ ಹುಡುಕಿ, ಒಂದು ಕೆರೆಯಲ್ಲಿ ಎರಡು ಎಮ್ಮೆ ಕಂಡು, ‘ಹಂಸಗಳು ಬಣ್ಣ ಬದಲಿಸಿವೆ’ ಎಂದು ವರದಿ ಸಲ್ಲಿಸಿದೆ. ವರದಿಯನ್ನು ಓದಿ, ಮಡಚಿ ಇಡಲಾಗಿದೆ.

4. ಉತ್ತರ ಬಾರದ್ದರಿಂದ ಅದೇ ಬುಧವಾರ ಖುದ್ದು ಬಂದ ಕಾಶೀಂಬಿಯವರು 143 ಫೋಟೋಗಳನ್ನೂ ಮೇಜಿನ ಮೇಲೆ ಹರವಿಸಿ, ಒಂದನ್ನು ಎತ್ತಿಕೊಂಡು ನೀಡಿದ ಹೇಳಿಕೆ ಇದ್ದಂತೆ: “ಈ ಕೋಟ ಹೊಲದವ್ರ ನಮ್ಮಪ್ಪಾರು. ಅಳತಿ ಕೊಡಾಕ ಯಾರೂ ಸಿಗದ ತಮ್ಮ ಮೈಗೇ ಕತ್ತರಿಸಿದ್ರು. ನೋಡ್ರಿ ಬೇಕಾರ, ಉಳದವ್ರೆಲ್ಲಾ ಕೋಟಿನ್ಯಾಗ ನಿಂತಾರ. ಇವ್ರೊಬ್ರ ಕೋಟ ಹಾಕ್ಕೊಂಡಾರ.” ಪರಿಶೀಲಿಸಲಾಗಿ, 142 ಜನರ ಮೈಮೇಲೆ ಕೋಟಿನ ತೋಳು ಬೆರಳು ಮುಚ್ಚಿದೆ, ಇಲ್ಲವೇ ಮೊಣಕೈ ಹತ್ತಿರವೇ ನಿಂತಿದೆ. ಒಬ್ಬರದು ಮಾತ್ರ ಮಣಿಕಟ್ಟಿಗೆ ಸರಿಯಾಗಿ ಬಂದಿದೆ. ಹೇಳಿಕೆಯನ್ನು ಒಪ್ಪಲಾಗಿದೆ.

5. ಉಡಚಪ್ಪನವರ ಜಗಲಿಯ ಮೇಲೆ ದೇವರ ಪಕ್ಕ ಇರುವವರೂ ಈ ಬಾಷಾಸಾಬರೇ ಎಂದು ತಿಳಿದುಬಂದಿದೆ. ಶನಿವಾರ ಇಬ್ಬರನ್ನೂ ಕರೆಸಲಾಗಿ, ಹೂವಿನ ಮಾಲೆ ಸಮೇತ ಫೋಟೋ ತಂದ ಉಡಚಪ್ಪನವರು ಮರಳಿಸಲು ಒಪ್ಪದೆ, “ಹನ್ನೆರಡ ವರ್ಷ ಕುಂಕುಮ ಹಚ್ಚೇನ್ರಿ. ಇವ್ರು ಬಂದಾಗಿಂದ ಮನ್ಯಾಗ ಜಗಳ ಕಡಿಮಿ ಆಗ್ಯಾವ. ಖರೇ ಮುತ್ತ್ಯಾನ್ನ ತಂದಿಟ್ರ ಮತ್ತ ಚಾಲೂ ಆಕ್ಕಾವು” ಎಂದಿದ್ದಾರೆ. ಫೋಟೋವನ್ನು ಬಹಳ ಹೊತ್ತು ನೋಡಿದ ಕಾಶೀಂಬಿಯವರು, “ಇರ್ಲಿ ಬಿಡೋ ಯಪ್ಪಾ, ಇಟ್ಕೋ. ನಮ್ಮಪ್ಪಾ ಮಂದಿ ಮನ್ಯಾಗ ಭಾಳ ಚಲೋ ಇರ್ತಿದ್ರು. ಆ ಮಾಲಿ ಒಂದಿಷ್ಟ ಬಾಜೂ ಸರಸು, ಕಾಲರಿನ ಹೊಲಿಗಿ ಕಾಣವಲ್ದು” ಎಂದಿದ್ದಾರೆ. ಮಾಲೆಯನ್ನು ಕಚೇರಿಯ ಸಮ್ಮುಖದಲ್ಲಿ ಸರಿಸಲಾಗಿದೆ.

6. ಬೇರೆ ಪೆಟ್ಟಿಗೆಗಳಿಂದ ತಪ್ಪು ಹಿರಿಯರನ್ನು ಒಯ್ದ ಇತರರು, ಮನೆಯಲ್ಲಿ ಜಗಳ ಕಡಿಮೆಯಾಗಿದ್ದಲ್ಲಿ ಮರಳಿಸಬೇಕಿಲ್ಲ. ಹೆಚ್ಚಾಗಿದ್ದಲ್ಲಿ ಬದಲಿ ಹಿರಿಯರಿಗಾಗಿ ನಮೂನೆ ‘ಕ’ದಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

7. ಅಂಚೆಯಲ್ಲಿ ಕೇಳಿದವರಿಗೆ ಕೈಯಲ್ಲಿ ಕೊಡುವ ಅವಕಾಶ ಇಲ್ಲ. ಆದ್ದರಿಂದ ಕಾಶೀಂಬಿಯವರು ಕೊಠಡಿಯಲ್ಲೇ ಕುಳಿತಿದ್ದರೂ ಅವರನ್ನು ಬರಿಗೈಲಿ ಕೊಣ್ಣೂರಿನ ಬಸ್ಸಿಗೆ ಹತ್ತಿಸಲಾಗಿದೆ.

(ಸಹಿ)
ಸುಶೀಲವ್ವ
ಹಂಗಾಮಿ ಜೋಪಾನಗಾರ್ತಿ (ಹತ್ತೊಂಬತ್ತನೇ ವರ್ಷ)

ಪ್ರತಿಗಳು:
1. ಹಿರಿಯರನ್ನು ಒಯ್ದ ಎಲ್ಲ ಮನೆಗಳಿಗೆ, ಜಗಲಿಯಿಂದ ದೂರ ಅಂಟಿಸಲು.
2. ನೋಟೀಸು ಫಲಕಕ್ಕೆ, ಫಲಕ ಸಿಕ್ಕ ಮೇಲೆ.
3. ಕಾಶೀಂಬಿಯವರು, ಕೊಣ್ಣೂರು: ಇವರಿಗೆ ಸುತ್ತೋಲೆ ಬೇಡ. 2014ರ ಉತ್ತರವನ್ನು ಹರಿದು, ‘ಬಾಷಾಸಾಬರು ಇದರೊಂದಿಗೆ ಇದ್ದಾರೆ. ಮಡಚಬಾರದು. ಭಾಳ ತಡವಾಯಿತು’ ಎಂದು ಹೊಸದಾಗಿ ಬರೆದು, ಬುಧವಾರ ಅವರು ಎತ್ತಿಕೊಂಡ ಫೋಟೋವನ್ನೇ ಎರಡು ರಟ್ಟಿನ ನಡುವೆ ಇಟ್ಟು, ಇಂದು ಮಧ್ಯಾಹ್ನದ ಟಪಾಲಿಗೆ ಹಾಕಲಾಗಿದೆ.