ಕಾಟಾದ ಕಂಪ್ಯೂಟರಿಗೆ ನಿದ್ದೆ ಕಲಿಸಿದ್ದು

ಗೊರೇಬಾಳದ ರಸ್ತೆಯಲ್ಲಿ ನಮ್ಮದೊಂದು ವೇ ಬ್ರಿಜ್ ಇದೆ. ಊರ ಮಂದಿ ಅದನ್ನು ಕಾಟಾ ಅನ್ನುತ್ತಾರೆ. ನೆಲ್ಲು ಹೇರಿದ ಟ್ರ್ಯಾಕ್ಟರ್ ಮೊದಲು ತುಂಬಿದ ತೂಕ ಮಾಡಿಸುತ್ತದೆ. ಎದುರಿನ ಮಿಲ್ಲಿನಲ್ಲಿ ಮಾಲು ಇಳಿಸಿ ಬಂದು ಖಾಲಿ ತೂಕ ಮಾಡಿಸುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದು ಚೀಟಿ ಕೊಡುವುದು ನಮ್ಮ ಹಳೇ ಕಂಪ್ಯೂಟರು. ಅದರಲ್ಲಿರುವುದು ವಿಂಡೋಸ್‌ಗೂ ಮುಂಚಿನ ಡಾಸ್. ಕಪ್ಪು ಪರದೆ, ಬಿಳಿ ಅಕ್ಷರ, ಮೌಸು ಗೀಸು ಏನೂ ಇಲ್ಲ.

ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಚಹಾ ಆರುವಷ್ಟು ಹೊತ್ತೂ ತಾಳುತ್ತಿರಲಿಲ್ಲ. ಹೊಸದು ತರೋಣ ಎಂದಳು ನನ್ನ ಹೆಂಡತಿ ಮಹಾದೇವಿ. ಕಾಟಾದಲ್ಲಿ ದಿನವಿಡೀ ಕೂರುವವಳು ಅವಳೇ. ಆದರೆ ಕಾಲೇಜಿನಲ್ಲಿ ಡಾಸ್ ಕಲಿತ ಮಹಾಪಂಡಿತ ನಾನು ಜೀವಂತ ಇರುವಾಗ ಹೊಸ ಬ್ಯಾಟರಿಯೇ? ಛೆ!

"ಕೆಲಸ ಇಲ್ಲದಾಗೂ ಈ ಕಂಪ್ಯೂಟರ್ ಸುಮ್ಮನ ಉರಿಯಾಕತ್ತೈತಿ. ಇದಕ್ಕ ನಿದ್ದಿ ಮಾಡೋದು ಕಲಿಸ್ತೀನಿ ನೋಡು," ಎಂದೆ.

"ಕೆಲಸ ಇಲ್ಲದಾಗ ನಿದ್ದಿ ಮಾಡೋದನ್ನ ನೀವ ಕಲಿಸಬೇಕ್ರಿ," ಎಂದಳು.

ಶುರುವಿನ ಫೈಲಿಗೆ ಎರಡು ಸಾಲು ಸೇರಿಸಿದೆ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ಆರಬೇಕು, ಒಳಗಿನ ಡಿಸ್ಕೂ ನಿಲ್ಲಬೇಕು. ಆರಿತು! ನಿಂತಿತು! ನನ್ನ ಬೆನ್ನು ನಾನೇ ತಟ್ಟಿಕೊಂಡು ಚಹಾದಂಗಡಿಗೆ ನಡೆದೆ. ಮಹಾದೇವಿಗೆ ಹೇಳುವುದೊಂದು ಮರೆತಿತ್ತು.

ವಾಪಸು ಬಂದರೆ ಕಾಟಾದ ಹಿಂದೆ ಜನರೇಟರ್ ಗುಡುಗುತ್ತಿದೆ. ಎದುರಿನ ಮಿಲ್ಲಿನಲ್ಲಿ ದೀಪ ಉರಿಯುತ್ತಲೇ ಇದೆ, ಕರೆಂಟ್ ಹೋಗಿಯೇ ಇಲ್ಲ.

"ಇದ್ಯಾಕ ಹಚ್ಚೀದಿ?"

"ಪರದೆ ಕಪ್ಪಾತು. ಕರೆಂಟ್ ಹೋತು ಅಂತ ಹಚ್ಚೀನಿ!"

ನಮ್ಮ ಕಡೆ ಯಾವುದು ಆರಿದರೂ ಕರೆಂಟೇ ಹೋದದ್ದು. ಅವಳದೇನು ತಪ್ಪು? ಎರಡು ಬಲ್ಬಿನಷ್ಟು ಕರೆಂಟ್ ಉಳಿಸಲು ಹೊರಟವನು ಡಬ್ಬಿ ಡೀಸೆಲ್ ಸುಟ್ಟಿದ್ದೆ. ಆದರೂ ಗಾಂಭೀರ್ಯ ಬಿಡದೆ, "ಯಾವುದಾದರೂ ಒಂದು ಕೀ ಒತ್ತು, ಎದ್ದು ಕೂಡ್ತೈತಿ," ಎಂದು ಬೋಧಿಸಿದೆ.

ಅಷ್ಟರಲ್ಲಿ ಮುಕ್ಕುಂದ ಊರಿನ ರೈತ ಹನುಮಂತಪ್ಪ ಟ್ರ್ಯಾಕ್ಟರಿನಲ್ಲಿ ನೆಲ್ಲಿನ ಚೀಲ ಹೇರಿಕೊಂಡು ಬಂದ. ತುಂಬಿದ ತೂಕ ಹಿಡಿದದ್ದಾಯಿತು. ಅವನು ಮಾಲು ಇಳಿಸಲು ಮಿಲ್ಲಿಗೆ ಹೋದ. ಕಂಪ್ಯೂಟರು ಮಲಗಿತು. ಖಾಲಿ ಟ್ರ್ಯಾಕ್ಟರ್ ಬಂದಾಗ ಮಹಾದೇವಿ ಕೀ ಒತ್ತಿದಳು. ಏಳಲಿಲ್ಲ. ನಾನು ಒತ್ತಿದೆ. ಎಲ್ಲ ಕೀಗಳನ್ನೂ ಒಟ್ಟಿಗೇ ಒತ್ತಿದೆ. ಕುಂಭಕರ್ಣನೇ ವಾಸಿ!

ನನ್ನ ಕೈ ಸ್ವಿಚ್ಚಿನತ್ತ ಹೋಯಿತು.

"ರೀ, ಮುಟ್ಟಬ್ಯಾಡ್ರಿ! ಅದರಾಗ ಹನುಮಂತಪ್ಪನ ತೂಕ ಐತಿ!"

ಮುಟ್ಟಿಯಾಗಿತ್ತು. ಯಂತ್ರ ಹೊಸದಾಗಿ ಹುಟ್ಟಿ ಬಂತು. ಹನುಮಂತಪ್ಪ ಯಾರು, ನೆಲ್ಲು ಎಂದರೇನು, ಅದಕ್ಕೆ ಒಂದೂ ನೆನಪಿಲ್ಲ! ತುಂಬಿದ ತೂಕವಿಲ್ಲದೆ ಚೀಟಿಯಿಲ್ಲ, ಚೀಟಿಯಿಲ್ಲದೆ ಮಿಲ್ಲಿನವರು ಅವನ ಬೆಳೆಗೆ ಬೆಲೆ ಕಟ್ಟುವುದಿಲ್ಲ.

ಹನುಮಂತಪ್ಪ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡ್ರಿ ಅಣ್ಣಾರ. ಚೀಲ ಇನ್ನಾ ಮಿಲ್ಲಿನ ಅಂಗಳದಾಗ ಬ್ಯಾರೆನ ಅದಾವ. ಖಾಲಿ ತೂಕ ಈಗ ಹಿಡೀರಿ, ಮತ್ತ ಹೇರಿ ತುಂಬಿದ ತೂಕ ಮಾಡಿಸಿದ್ರಾತು," ಎಂದ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಹಮಾಲರು ಊಟಕ್ಕೆ ಹೋಗಿದ್ದರು. ಹೇರುವವರು ಯಾರು? ಹನುಮಂತಪ್ಪ ಮತ್ತು ಡಾಸ್ ಪಂಡಿತ! ಮೊದಲ ಚೀಲಕ್ಕೆ ಸೊಂಟ ಕಟಕ್ಕೆಂದಿತು. ಆಮೇಲಿನ ಚೀಲಗಳನ್ನು ನಾನು ಎತ್ತಿದೆನೋ ಅಪ್ಪಿಕೊಂಡು ಅತ್ತೆನೋ ಹೇಳಲಾರೆ. ಕೊನೆಯ ಚೀಲ ಏರಿದಾಗ ಟ್ರೇಲರಿನ ಮೇಲೆಯೇ ಅಂಗಾತ ಬಿದ್ದುಕೊಂಡೆ. ಟ್ರ್ಯಾಕ್ಟರ್ ನನ್ನನ್ನೂ ಹೊತ್ತುಕೊಂಡು ಕಾಟಾದ ಮೇಲೆ ಬಂದು ನಿಂತಿತು.

ಕಿಟಕಿಯಿಂದ ಮಹಾದೇವಿಯ ದನಿ ಬಂತು: "ರೀ, ಇಳೀರಿ ಕೆಳಗ! ನೆಲ್ಲಿನ ರೇಟಿನಾಗ ನಿಮ್ಮನ್ನ ಯಾರೂ ತಗೊಳ್ಳಂಗಿಲ್ಲ!"

ಹನುಮಂತಪ್ಪ ನಗು ತಡೆದುಕೊಂಡು ಕೈ ಕೊಟ್ಟು ಇಳಿಸಿದ. ನೆಲ್ಲಿನ ತೂಕ ಸರಿಯಾಗಿಯೇ ಬಂತು. ಕಡಿಮೆಯಾದದ್ದು ನನ್ನ ತೂಕ ಮಾತ್ರ!